ತಲಾವದ ಊರಿಗೆ ಬಂದ ಕಾಳವ್ವ

ತಂಗಿಯನ್ನು ನಿಪ್ಪಾಣಿಗೆ ಕರೆತಂದವಳು ಗಿರಿಜವ್ವನೇ. ಆ ಮಾತನ್ನು ಮುಂದೆ ಯಾರೂ ಅವಳ ಮುಖಕ್ಕೆ ಹಿಡಿಯಲಿಲ್ಲ. ಹಿಡಿದಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದಳೇನೋ.

ಎಂಬತ್ಮೂರನೆಯ ಇಸವಿಯ ಬೇಸಿಗೆ. ಕಾಳವ್ವನ ಗಂಡ ತೀರಿಕೊಂಡು ವರ್ಷವಾಗಿತ್ತು. ಅವನ ವರ್ಷದ ಕಾರ್ಯಕ್ಕೆಂದು ತೆಲಸಂಗಕ್ಕೆ ಹೋದ ಗಿರಿಜವ್ವ, ತಂಗಿ ಮತ್ತು ಅವಳ ಮಗಳು ಮಂಗಲಳ ಜೊತೆ ಊರಾಚೆಯ ಬಾವಿಗೆ ನೀರಿಗೆ ಹೋದಳು. ಒಂದು ತಾಸು ಕಾದ ಮೇಲೆ ಪಾಳಿ ಬಂತು. ಇಳಿಬಿಟ್ಟ ಕೊಡ ತಳದ ಕಲ್ಲಿಗೆ ಬಡಿದು ಸದ್ದು ಮಾಡಿತು. ಬಂದದ್ದು ಅರ್ಧ ಕೊಡ ರಾಡಿ ನೀರು.

"ಎಷ್ಟ ದಿನಾ ಹಿಂಗ ಇರ್ತಿ? ನಮ್ಮೂರಿಗೆ ಬಂದಬಿಡ," ಎಂದಳು ಗಿರಿಜವ್ವ. "ಎಂಥಾ ತಲಾವ ಐತಿ ಅಂತಿ! ನಡು ಬ್ಯಾಸಿಗ್ಯಾಗೂ ಬತ್ತೂದಿಲ್ಲ. ಓಣಿಗೊಂದ ನಳಾ. ಹುಡಿಗ್ಯಾರಿಗೆ ಬ್ಯಾರೆ ಹಾಯಸ್ಕೂಲ ಐತಿ. ನಮ್ಮ ಮಂಗಲ ಕಲತ ಸಾಲಿ ಬಾಯಾರ ಆಗಲಿ."

ಕಾಳವ್ವ ಮಗಳ ಮುಖ ನೋಡಿದಳು. ಮಂಗಲಳಿಗೆ ಆಗ ಒಂಬತ್ತು ವರ್ಷ.

"ಕೆಲಸಾ?"

"ವಖಾರದಾಗ ನನ್ನ ಮಗ್ಗಲದಾಗ ಕುಂಡರತಿ. ಬಿಸಲಿಲ್ಲ, ಮಳಿಯಿಲ್ಲ. ನೆಳ್ಳಾಗಿನ ಕೆಲಸ."

ಅದು ಸುಳ್ಳಲ್ಲ. ಆದರೆ ವಖಾರವೆಂಬ ಆ ತಂಬಾಕಿನ ಗೋದಾಮಿನಲ್ಲಿ ಹತ್ತು ವರ್ಷ ಪುಡಿಯ ಜರಡಿ ಹಿಡಿದಿದ್ದ ಗಿರಿಜವ್ವ ಅಲ್ಲಿಯ ಧೂಳಿನ ಮಾತು ಎತ್ತಲಿಲ್ಲ. ಕೆಮ್ಮಿ ಕೆಮ್ಮಿ ಮನೆ ಹಿಡಿದ ಹೆಂಗಸರನ್ನು ಅವಳು ನೋಡಿದ್ದಳು. ತನಗೇನೂ ಆಗಿಲ್ಲವಲ್ಲ ಎಂದುಕೊಂಡಳು. ಮಕ್ಕಳಿಲ್ಲ, ಗಂಡ ಇಚಲಕರಂಜಿಯ ಕಡೆ ಹೋದವನು ತಿರುಗಿ ಬಂದಿಲ್ಲ. ಖಾಲಿ ಮನೆಯ ಬಾಗಿಲು ತೆರೆಯುವುದು ಅವಳಿಗೆ ಸಾಕಾಗಿತ್ತು.

ತಾಯಿ ಮಗಳು ನಿಪ್ಪಾಣಿಗೆ ಬಂದ ದಿನ ಸಂಜೆಯೇ ಅವರಿಬ್ಬರನ್ನೂ ತಲಾವದ ದಂಡೆಗೆ ಕರೆದೊಯ್ದಳು. ಕಾಳವ್ವ ಅಷ್ಟು ನೀರನ್ನು ಒಂದೇ ಕಡೆ ಕಂಡವಳಲ್ಲ. ಮೆಟ್ಟಿಲ ಮೇಲೆ ಕುಳಿತು ಮೊಣಕಾಲವರೆಗೆ ಕಾಲು ಇಳಿಬಿಟ್ಟಳು. ತುಸು ಹೊತ್ತಿನ ಮೇಲೆ ತನ್ನಷ್ಟಕ್ಕೆ ತಾನೇ ಬೀಸುವ ಹಾಡೊಂದನ್ನು ಎತ್ತಿಕೊಂಡಳು. ತೆಲಸಂಗದ ಸುತ್ತಿನ ಹಳ್ಳಿಗಳಲ್ಲಿ ಕಾಳವ್ವನಿಲ್ಲದೆ ಮದುವೆಯ ಅರಿಶಿನ ನಡೆಯುತ್ತಿರಲಿಲ್ಲ, ಅಂಥ ಕಂಠ. ಆ ದನಿ ನೀರಿನ ಮೇಲೆ ದೂರ ಹೋಯಿತು. ವಾಕಿಂಗಿಗೆ ಬಂದಿದ್ದ ಬಿಳಿ ಟೊಪ್ಪಿಗೆಯ ಇಬ್ಬರು ಹಿರಿಯರು ನಿಂತು ಕೇಳಿ ಹೋದರು. ಗಿರಿಜವ್ವನಿಗೆ ಅಂದು ತಾನೇ ಆ ತಲಾವ ಕಟ್ಟಿಸಿದಷ್ಟು ಹೆಮ್ಮೆ.

ವಖಾರದಲ್ಲಿ ಪುಡಿ ಹಾರಿಹೋಗದಂತೆ ಕಿಟಕಿಗಳನ್ನು ಮುಚ್ಚಿರುತ್ತಿದ್ದರು. ಮೊದಲ ವಾರವಿಡೀ ಕಾಳವ್ವ ಸೀನಿದಳು, ತಲೆ ತಿರುಗಿ ವಾಂತಿ ಮಾಡಿಕೊಂಡಳು. "ರೂಢಿ ಆಗತೈತಿ," ಎಂದರು ಎಲ್ಲರೂ. ಆಯಿತು ಕೂಡ. ಸೀನು ನಿಂತಿತು. ಎರಡನೆಯ ವರ್ಷದ ಚಳಿಗಾಲದಲ್ಲಿ ಕೆಮ್ಮು ಹತ್ತಿತು, ಅದು ನಿಲ್ಲಲಿಲ್ಲ.

ಓಣಿಯ ಲಕ್ಷ್ಮಿಬಾಯಿಯ ಮಗಳ ಮದುವೆ ಬಂದಾಗ ಗಂಡ ಸತ್ತವಳೆಂದೂ ಎಣಿಸದೆ ಅರಿಶಿನಕ್ಕೆ ಹಾಡಲು ಕಾಳವ್ವನನ್ನು ಕರೆದರು. ಅವಳು ಹೊಸ ಕುಪ್ಪಸ ತೊಟ್ಟು ಹೋದಳು. ಮೊದಲ ಸೊಲ್ಲು ಎತ್ತಿದಳು, ಎರಡನೆಯದರ ನಡುವೆ ಉಸಿರು ಸಿಕ್ಕಿಕೊಂಡಿತು. ಮತ್ತೆ ಎತ್ತಿದಳು, ಮತ್ತೆ ಅಲ್ಲೇ ನಿಂತಿತು. ಹೆಂಗಸರು ಏನೂ ಆಗಿಲ್ಲವೆಂಬಂತೆ ಆ ಹಾಡನ್ನು ತಾವೇ ಮುಂದುವರಿಸಿದರು. ಲಕ್ಷ್ಮಿಬಾಯಿ ಎಲ್ಲರಿಗಿಂತ ಮೊದಲು ಅವಳ ಕೈಗೆ ಚಹದ ಕಪ್ಪು ಕೊಟ್ಟಳು. ಮನೆಗೆ ಬಂದ ಕಾಳವ್ವ ಕುಪ್ಪಸ ಮಡಚಿಡುತ್ತ, "ಅವರು ನಕ್ಕಿದ್ರ ಚಲೋ ಇತ್ತಕ್ಕಾ," ಎಂದಳು. ಅವಳು ಮತ್ತೆ ಹಾಡಿದ್ದನ್ನು ಗಿರಿಜವ್ವ ಕೇಳಲಿಲ್ಲ.

ಡಾಕ್ಟರು ಬೆನ್ನಿಗೆ ನಳಿಗೆ ಹಚ್ಚಿ ಬಹಳ ಹೊತ್ತು ಕೇಳಿದರು. "ಧೂಳಿನ ಕೆಲಸಾ ಬಿಡಬೇಕವ್ವಾ. ದಿನಾ ತಲಾವದ ದಂಡಿಗೆ ತಿರಗ್ಯಾಡ್ರಿ. ಅಂಥಾ ಗಾಳಿ ಬ್ಯಾರೆ ಊರಾಗ ಸಿಗೂದಿಲ್ಲ."

ತಿರುಗಾಡಲು ಹೋದರು. ಬಿಳಿ ಟೊಪ್ಪಿಗೆಯವರು ಕೈ ಬೀಸುತ್ತ ಅವರನ್ನು ದಾಟಿ ಹೋದರು, ಒಂದು ಸುತ್ತು ಮುಗಿಸಿ ಮತ್ತೆ ದಾಟಿದರು. ಕಾಳವ್ವ ಅಷ್ಟರಲ್ಲಿ ಇಪ್ಪತ್ತು ಹೆಜ್ಜೆ ನಡೆದು ಕಟ್ಟೆ ಹಿಡಿದು ನಿಂತಿದ್ದಳು. ಎದುರಿಗೆ ಬೇಕಾದಷ್ಟು ಗಾಳಿ. ಒಳಗೆ ತೆಗೆದುಕೊಳ್ಳಲು ಅವಳಿಂದ ಆಗುತ್ತಿರಲಿಲ್ಲ.

"ಅಕ್ಕಾ, ನನ್ನ ತೆಲಸಂಗಕ್ಕ ಒಯ್ದಬಿಡ," ಎಂದಳು ಒಂದು ದಿನ.

"ಮಂಗಲಾಂದು ಹತ್ತನೇ ಇಯತ್ತೆ ಆಗಲಿ, ಎಲ್ಲಾರೂ ಕೂಡೇ ಹೋಗೂಣು."

ಕಾಳವ್ವ ಒಪ್ಪಿಕೊಂಡಂತೆ ತಲೆಯಾಡಿಸಿದಳು. ಮಂಗಲ ಆಗ ಒಂಬತ್ತನೆಯ ತರಗತಿಯಲ್ಲಿದ್ದಳು. ಆ ವರ್ಷದ ಶ್ರಾವಣದಲ್ಲಿ, ತಲಾವ ತುಂಬಿ ಕೋಡಿ ಹರಿಯುತ್ತಿದ್ದಾಗ, ಕಾಳವ್ವ ತೀರಿಕೊಂಡಳು. ಮೂರು ದಿನದಿಂದ ಕುಳಿತೇ ಇದ್ದಳು. ಮಲಗಿದರೆ ಉಸಿರು ಬರುತ್ತಿರಲಿಲ್ಲ. ಗಿರಿಜವ್ವ ಬೆನ್ನಿಗೆ ಬೆನ್ನು ಕೊಟ್ಟು ಕುಳಿತಿದ್ದಳು. ತಂಗಿಯ ಬೆನ್ನು ಅಲುಗುವುದು ನಿಂತದ್ದು ಬೆನ್ನಿಗೇ ತಿಳಿಯಿತು.

ಹದಿನೈದು ದಿನದ ಮೇಲೆ ಗಿರಿಜವ್ವ ಮತ್ತೆ ಕೆಲಸಕ್ಕೆ ಹೋದಳು. ಹುಡುಗಿಯನ್ನು ವಖಾರದ ಬಾಗಿಲಿನ ಹತ್ತಿರವೂ ಬಿಡಬಾರದೆಂದು ನಿಶ್ಚಯಿಸಿದ್ದಳು. ದಿನವೂ ತಾನೇ ಅವಳ ಹೆರಳು ಹಾಕಿ, ಬುತ್ತಿ ಕಟ್ಟಿ, ಶಾಲೆಯ ಹಾದಿ ಹಿಡಿಸಿಯೇ ಹೊರಡುತ್ತಿದ್ದಳು.

ದೀಪಾವಳಿ ಮುಗಿದ ಮೂರನೆಯ ದಿನ, ಜರಡಿಗೆ ಕುಳಿತು ತಾಸಾಗಿರಬೇಕು, ಮೇಸ್ತ್ರಿ ಸತ್ಯಪ್ಪ ಒಬ್ಬ ಹುಡುಗಿಯನ್ನು ಕರೆತಂದು ಕಾಳವ್ವನ ಖಾಲಿ ಜಾಗದಲ್ಲಿ ಕೂಡಿಸಿದ. ಶಾಲೆಯ ನೀಲಿ ಲಂಗ. ಮಂಗಲ.

ಗಿರಿಜವ್ವ ಎದ್ದು ಅವಳ ರಟ್ಟೆ ಹಿಡಿದು ಅಂಗಳಕ್ಕೆ ಎಳೆದುಕೊಂಡು ಹೋದಳು. ಹೊಡೆಯಲು ಕೈ ಎತ್ತಿದಳು.

"ಯಾರ ಹೇಳಿದ್ರು ನಿನಗ?"

"ಯಾರೂ ಹೇಳಿಲ್ಲ. ನಾನ ಹೋಗಿ ಕೇಳಿದೆ."

"ಯಾಕಬೇ? ನಾ ಸತ್ತೇನೇನ?"

ಮಂಗಲ ರಟ್ಟೆ ಬಿಡಿಸಿಕೊಂಡಳು. "ನಿನಗೂ ಸುರು ಆಗೇತಿ, ದೊಡ್ಡವ್ವ. ಬಾಯಾಗ ಸೆರಗ ತುರುಕ್ಕೊಂಡ ಕೆಮ್ಮತಿ. ನನಗ ಕೇಳಸೂದಿಲ್ಲಂತ ತಿಳದಿ ಏನ? ಅವ್ವನೂ ಹಂಗ ಕೆಮ್ಮತಿದ್ಲು."

ಎತ್ತಿದ ಕೈ ಇಳಿಯಿತು. ಹೋಗೋಣ ನಡಿ ಎನ್ನಬೇಕೆಂದು ಗಿರಿಜವ್ವ ಬಾಯಿ ತೆರೆದಳು. ಎಲ್ಲಿಗೆ ಎಂಬುದು ಹೊಳೆಯಲಿಲ್ಲ. ತೆಲಸಂಗದ ಮನೆಯ ಗೋಡೆ ಎರಡು ಮಳೆಗಾಲದ ಹಿಂದೆಯೇ ಬಿದ್ದಿತ್ತು. ಈ ಊರಿನಲ್ಲಿ ಅವಳಿಗೆ ಗೊತ್ತಿದ್ದ ದುಡಿಮೆಯ ಬಾಗಿಲು ಇದೊಂದೇ.

"ಒಳಗ ಬರ್ರಿ, ಇಲ್ಲಾ ಮನಿಗಿ ನಡೀರಿ," ಎಂದ ಸತ್ಯಪ್ಪ ಬಾಗಿಲಲ್ಲಿ ನಿಂತು. ಕೆಟ್ಟ ದನಿಯಲ್ಲಿ ಹೇಳಲಿಲ್ಲ.

ಮಂಗಲಳೇ ಮೊದಲು ಒಳಗೆ ನಡೆದಳು, ಜರಡಿಯ ಮುಂದೆ ಕುಳಿತು ಸೀನತೊಡಗಿದಳು.

ವಾರದ ಮೇಲೆ ಗಿರಿಜವ್ವ ಹೈಸ್ಕೂಲಿಗೆ ಹೋಗಿ ದೊಡ್ಡ ಬಾಯಾರ ಮುಂದೆ ನಿಂತಳು. ಹುಡುಗಿ ಜಾಣೆ, ಹಾಜರಿಪಟ್ಟಿಯಿಂದ ಹೆಸರು ತೆಗೆಯುವುದಿಲ್ಲ, ಹೊಸ ವರ್ಷದ ಶಾಲೆ ತೆರೆಯುವ ಜೂನ್‌ವರೆಗೆ ನೋಡೋಣ ಎಂದು ಅವರು ಕನಿಕರದಿಂದ ಹೇಳಿದರು. ಗಿರಿಜವ್ವ ಕೈ ಮುಗಿದು ಬಂದಳು. ಈ ಮಾತನ್ನು ಮಂಗಲಳಿಗೆ ಹೇಳಬೇಕೆಂದು ಹಲವು ಸಲ ಅಂದುಕೊಂಡಳು. ಹೇಳಿದರೆ ಹುಡುಗಿ ಆಸೆ ಹಿಡಿದು ಕೂತಾಳು ಎನ್ನಿಸಿ ಸುಮ್ಮನಾದಳು. ಜೂನ್ ಬಂತು, ಹೋಯಿತು. ಅಷ್ಟು ಹೊತ್ತಿಗೆ ಮಂಗಲಳ ಸೀನು ಪೂರ್ತಿ ನಿಂತಿತ್ತು.