ತಂಗಿಯ ಕಾಲಡಿಯ ಪೆಡಲ್

ಅಕ್ಕನಿಗೆ ಪೆಡಲ್ ಇರಲಿಲ್ಲ. ಒಂದೇ ಪಿಯಾನೋಗೆ ಇಬ್ಬರು ಕೂತರೆ ಬಲಗಡೆಯವರಿಗೆ ಮೇಲಿನ ಸ್ವರಗಳು, ಎಡಗಡೆಯವರಿಗೆ ಕೆಳಗಿನವು ಮತ್ತು ಪೆಡಲ್. ಇದು ಆ ಕಸುಬಿನ ಕಟ್ಟಳೆ. ಒತ್ತಿದರೆ ನಾದ ಉಳಿದು ಒಂದಕ್ಕೊಂದು ಬೆರೆಯುತ್ತದೆ, ಬಿಟ್ಟರೆ ಕತ್ತರಿಸಿದಂತೆ ನಿಲ್ಲುತ್ತದೆ. ಅಂದರೆ ಅಕ್ಕ ನುಡಿಸಿದ್ದು ಜನಕ್ಕೆ ಹೇಗೆ ಕೇಳಬೇಕೆಂಬುದು ಚಿಕ್ಕಂದಿನಿಂದಲೂ ತಂಗಿಯ ಕಾಲಿನ ಕೈಯಲ್ಲಿತ್ತು. ಬೇರೆ ಬೇರೆ ಅಭ್ಯಾಸ ಮಾಡುವ ರೂಢಿ ಇಬ್ಬರಿಗೂ ಇರಲಿಲ್ಲ.

ಹೋದ ವರ್ಷದ ರೆಕಾರ್ಡಿಂಗ್ ಕೇಳಿದಾಗ ಅಕ್ಕನ ತಲೆಗೆ ಹುಳ ಹೊಕ್ಕಿತು. ತನ್ನ ವೇಗದ ಜಾಗಗಳೆಲ್ಲ ಮಬ್ಬು. ತಂಗಿಯ ಸರದಿ ಬಂದಾಗ ಮಾತ್ರ ತೊಳೆದಿಟ್ಟ ಹಾಗೆ. ಅಂದಿನಿಂದ ಅವಳ ಒಂದು ಕಣ್ಣು ಸ್ವರಲಿಪಿಯ ಮೇಲೆ, ಇನ್ನೊಂದು ತಂಗಿಯ ಷೂ ಮೇಲೆ. ಇಬ್ಬರ ಕಛೇರಿಗಳನ್ನು ಗೊತ್ತುಮಾಡುವ ಮ್ಯಾನೇಜರ್ ಜೊತೆ ತಂಗಿ ಫೋನಿನಲ್ಲಿ ಪಿಸುಗುಟ್ಟುವುದು, ಇವಳು ಬಂದರೆ "ಆಮೇಲೆ ಮಾತಾಡ್ತೀನಿ" ಎಂದು ಇಡುವುದು, ಎಲ್ಲ ತಾಳೆಯಾಯಿತು. ಒಬ್ಬಳೇ ನುಡಿಸಲು ಹೊರಟಿದ್ದಾಳೆ. ಮೊದಲು ನನ್ನ ಹೆಸರು ಕೆಡಿಸುತ್ತಿದ್ದಾಳೆ.

ಮೂರು ವರ್ಷದ ಪ್ರವಾಸದ ಕರಾರು ಮಾಡುವವರು ಮೊದಲ ಸಾಲಿನಲ್ಲಿ ಕೂತ ಸಂಜೆ, ಪರದೆಯ ಹಿಂದೆ ಅಕ್ಕ ಬಾಯಿ ಬಿಟ್ಟಳು.

"ಕೊನೇ ಭಾಗದಲ್ಲಿ ಪೆಡಲ್ ಮುಟ್ಟಬೇಡ."

"ಯಾಕಕ್ಕಾ?"

"ನಾನು ನುಡಿಸೋದೂ ಸ್ವಲ್ಪ ಜನಕ್ಕೆ ಕೇಳಲಿ ಅಂತ."

"ಬೇಡಕ್ಕಾ. ಇವತ್ತೊಂದಿನ ನನ್ನ ಮಾತು ಕೇಳು."

"ಕೇಳೀ ಕೇಳೀ ಸಾಕಾಗಿದೆ. ಮುಟ್ಟಿದ್ರೆ ಅಲ್ಲೇ ಎದ್ದು ಬರ್ತೀನಿ."

"ಬರೋಳೇ ನೀನು," ಎಂದ ತಂಗಿ ಷೂ ಲೇಸು ಬಿಗಿದಳು. "ಸರಿ."

ಕೊನೆಯ ಭಾಗ ಬಂತು. ತಂಗಿ ಕಾಲನ್ನು ಹಿಂದಕ್ಕೆಳೆದುಕೊಂಡಳು. ಅಕ್ಕನ ಬಲಗೈ ಓಡಿತು, ತನ್ನ ನುಡಿಸಾಣಿಕೆ ಮೊದಲ ಸಲ ಅವಳಿಗೇ ಬೆತ್ತಲಾಗಿ ಕೇಳಿತು. ಉಂಗುರ ಬೆರಳು ಬೀಳಬೇಕಾದಲ್ಲಿ ಬೀಳುತ್ತಿರಲಿಲ್ಲ. ಹಲ್ಲುದುರಿದ ಬಾಚಣಿಗೆಯ ಹಾಗೆ ನಡುನಡುವೆ ಖಾಲಿ, ಒಟ್ಟು ಹನ್ನೊಂದು ಕಡೆ. ಇಷ್ಟು ದಿನ ಪೆಡಲ್ ಒತ್ತಿ ತಂಗಿ ಮುಚ್ಚುತ್ತಿದ್ದದ್ದು ಇದನ್ನೇ. ಅಕ್ಕ ಓರೆಗಣ್ಣಲ್ಲಿ ಬೇಡಿದಳು. ಕಾಲು ಅಲ್ಲಾಡಲಿಲ್ಲ.

ಕಛೇರಿ ಮುಗಿಸಿ ಒಳಗೆ ಬಂದು ಅಕ್ಕ ಕೇಳಿದಳು, "ಯಾವಾಗಿಂದ?"

"ಎರಡು ವರ್ಷ ಆಯ್ತು. ನಿಧಾನದ ಕೃತಿ ಹಾಕಿ ಅಂತ ಮ್ಯಾನೇಜರ್‌ಗೆ ಗೋಗರೀತಿದ್ದೆ."

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಹೊಟ್ಟೆಕಿಚ್ಚು ಅಂತಿದ್ದೆ."

ಅನ್ನುತ್ತಿದ್ದಳು, ನಿಜ. ಆದರೆ ಹುಳ ಇನ್ನೂ ಸತ್ತಿರಲಿಲ್ಲ.

"ಬೀಳ್ತೀನಿ ಅಂತ ಗೊತ್ತಿದ್ದೂ ಕಾಲಿಡಲಿಲ್ಲ ನೀನು. ಅಲ್ವಾ?"

ತಂಗಿ ಚೀಲ ತಗೊಂಡು ಹೊರಟುಹೋದಳು. ಮತ್ತೆ ಆ ಪಿಯಾನೋ ಮುಂದೆ ಕೂರಲಿಲ್ಲ.

ಆ ಸಂಜೆ ಹೋದದ್ದು ಹನ್ನೊಂದು ಸ್ವರ, ಒಂದು ಕರಾರು, ಒಬ್ಬಳು ತಂಗಿ.