ಕೆಮ್ಮಣ್ಣು ಬಳಿದ ಗೋಡೆ

ನನ್ನ ತಂಗಿ ಮುದ್ದಕ್ಕನನ್ನು ಕೊಂದದ್ದು ಸೊಳ್ಳೆ ಅಂತ ಊರು ಹೇಳುತ್ತದೆ. ಸುಳ್ಳು. ಕೊಂದವನು ಪಕ್ಕದ ಮನೆಯ ಕಾಟಲಿಂಗಪ್ಪ.

ಎಪ್ಪತ್ತಾರನೇ ಇಸವಿಯ ಮಳೆಗಾಲ. ನಾನು ಮಲೇರಿಯಾ ತಂಡದಲ್ಲಿ ಡಿ.ಡಿ.ಟಿ. ಹೊಡೆಯುವ ಕೂಲಿ. ಯಲ್ಲದಕೆರೆಯ ನಮ್ಮ ಬೀದಿಗೆ ನಾನೇ ಹೊಡೆದೆ. ಆ ಧೈರ್ಯದ ಮೇಲೆ ಚೊಚ್ಚಲ ಬಸುರಿ ತಂಗಿಯನ್ನು ಗಂಡನ ಊರು ತಾಳ್ಯದಿಂದ ಹೆರಿಗೆಗೆ ಕರೆತಂದೆ. ಬಂದವಳಿಗೆ ನಡುಕದ ಜ್ವರ ಹಿಡಿಯಿತು. ಹೊಟ್ಟೆಯ ಕೂಸನ್ನೂ ಕಟ್ಟಿಕೊಂಡು ಹೋದಳು.

ತಿಥಿ ಮುಗಿದ ಮೇಲೆ ಕಾಟಲಿಂಗಪ್ಪನ ಮನೆಯೊಳಗೆ ಇಣುಕಿದೆ. ನಾನು ಬಿಳಿ ಔಷಧಿ ಹಿಡಿಸಿದ್ದ ಗೋಡೆಗೆ ಸಗಣಿ ಬೆರೆಸಿದ ಕೆಮ್ಮಣ್ಣು ಬಳಿದಿದ್ದ. ಮನೆ ತುಂಬ ರೇಷ್ಮೆ ಹುಳದ ತಟ್ಟೆಗಳು.

"ಔಷಧಿ ಗಾಳಿಗೆ ಹುಳ ಸಾಯ್ತವೆ ಕಣೋ ಜುಂಜಯ್ಯ. ಅದಕ್ಕೇ ನೀನು ಹೊಡೆದ ದಿನಾನೇ ಸಾರಿಸಿಬಿಟ್ಟೆ" ಅಂದ. ನಾಚಿಕೆ ಬೇಡವೇ?

ಮಲೇರಿಯಾ ಇನ್ಸ್‌ಪೆಕ್ಟರು ನಮಗೆ ಮೊದಲೇ ತಿಳಿಸಿದ್ದರು. ಜ್ವರದವರ ರಕ್ತ ಕುಡಿದ ಸೊಳ್ಳೆ ಕೂಡಲೇ ಜ್ವರ ಹಂಚುವುದಿಲ್ಲ. ರಕ್ತದ ಜೊತೆ ಹೋದ ಕ್ರಿಮಿ ಸೊಳ್ಳೆಯ ಹೊಟ್ಟೆಯಲ್ಲಿ ಬಲಿತು ಅದರ ಬಾಯಿಗೆ ಬರಲು ಒಂದೂವರೆ ವಾರವಾದರೂ ಬೇಕು. ಸೊಳ್ಳೆಯ ಆಯಸ್ಸೂ ಹೆಚ್ಚುಕಡಿಮೆ ಅಷ್ಟೇ. ಅದು ಸಾಯುವ ಮುಂಚೆ ಕ್ರಿಮಿ ಬಲಿತರೆ ಗೆದ್ದಿತು, ಇಲ್ಲದಿದ್ದರೆ ಎರಡೂ ಮಣ್ಣು. ಹೊಟ್ಟೆ ತುಂಬಿದ ಸೊಳ್ಳೆ ಗೋಡೆಗೆ ಕೂರುತ್ತದೆ, ಕೂತಲ್ಲೇ ಸಾಯಲಿ ಅಂತ ಔಷಧಿ. ಕಾಟಲಿಂಗಪ್ಪ ಆ ಕ್ರಿಮಿಗೆ ಸಾವಕಾಶವಾಗಿ ಬಲಿಯಲು ಜಾಗ ಮಾಡಿಕೊಟ್ಟಿದ್ದ.

ಅವತ್ತೇ ಅವನ ಹುಳಗಳ ಮೇಲೆ ಔಷಧಿ ಸುರಿಯಬಹುದಿತ್ತು. ಅದು ಹೊಸ ಬೆಳೆ, ಹುಳ ಆಗಿನ್ನೂ ಎಳ್ಳಿನಷ್ಟಿದ್ದವು. ಸತ್ತರೆ ಬೇರೆ ಮೊಟ್ಟೆ ತರುತ್ತಿದ್ದ. ಕ್ರಿಮಿಗೆ ಇರುವ ತಾಳ್ಮೆ ನನಗೆ ಇರಬಾರದೇ? ಮನೆಮಂದಿಯೆಲ್ಲ ಹಿಪ್ಪುನೇರಳೆ ಸೊಪ್ಪು ಹೊತ್ತು ಹೊತ್ತು ಸವೆಯಲಿ, ಹುಳ ಹಣ್ಣಾಗಿ ಗೂಡು ಕಟ್ಟಲು ತಲೆ ಎತ್ತಲಿ ಅಂತ ಹಲ್ಲು ಕಚ್ಚಿ ಕಾದೆ.

ತಲೆ ಎತ್ತಿದವು. ಮಧ್ಯಾಹ್ನ ಪಂಪು ತುಂಬಿಕೊಂಡು ನುಗ್ಗಿದೆ. ಒಳಗೆ ಅವನ ಹೆಂಡತಿ ಏಕಾಂತಮ್ಮ ಒಬ್ಬಳೇ ಕಂಬಳಿ ಹೊದ್ದು ಗಡಗಡ ನಡುಗುತ್ತ ಬಿದ್ದಿದ್ದಳು. ಅವಳ ತಲೆಯ ಮೇಲಿನ ಕೆಂಪು ಗೋಡೆಯಲ್ಲಿ ಸೊಳ್ಳೆಗಳು, ಹೊಟ್ಟೆ ಕಡುಗೆಂಪು.

"ಹೊಡಿಯಪ್ಪ" ಅಂದಳು. "ಬಳೀಬ್ಯಾಡ ಅಂದೆ. ನನ್ನ ಮಾತು ಯಾರು ಕೇಳ್ತಾರೆ?"

ಅಷ್ಟರಲ್ಲಿ ಸೊಪ್ಪಿನ ಹೊರೆ ಎಸೆದು ಕಾಟಲಿಂಗಪ್ಪ ಓಡಿಬಂದ. ಪಂಪು ನೋಡಿ ಅವನ ಮುಖ ಬಿಳುಚಿತು.

"ಲೇ ಜುಂಜಯ್ಯ, ನಿನ್ನ ಕಾಲಿಗೆ ಬೀಳ್ತೀನಿ. ನಾಲ್ಕು ದಿನ ತಡಿ, ಗೂಡು ಕಟ್ಲಿ. ಆಮೇಲೆ ಮನೆಗೇ ಬೆಂಕಿ ಇಡು."

"ನಿನ್ನ ಹೆಂಡ್ತಿ ರಕ್ತ ಕುಡಿದು ಅಲ್ಲಿ ಸೊಳ್ಳೆ ಕುಂತೈತಲ್ಲ, ಅದರೊಳಗೆ ಇರೋದು ನಾಲ್ಕು ದಿನ ತಡೀತೈತೇನೋ? ನೀನು ಗೂಡು ಬಿಡಿಸಿ ಮಾರಿ ಬರೋ ಹೊತ್ತಿಗೆ ಅದೂ ಬಲಿತಿರ್ತೈತೆ. ಆಮೇಲೆ ಯಾರ ಮನೆ ಬಸುರಿ?"

"ಹುಳ ಏನು ಪಾಪ ಮಾಡ್ಯಾವೆ?"

"ಮುದ್ದಕ್ಕ ಏನು ಮಾಡಿದ್ಲು, ಬೊಗಳು!"

ಪಂಪಿನ ಮೂತಿಯನ್ನು ತಟ್ಟೆಗಳ ಮೇಲೆ ಹಿಡಿದೆ. ಒಂದೇ ಒತ್ತು ಸಾಕಾಗಿತ್ತು. ಒತ್ತಲಿಲ್ಲ. ಕರುಣೆಯಿಂದಲ್ಲ. ನನ್ನ ಕೈಯಿಂದ ಹುಳ ಸತ್ತರೆ ಅವನು ಊರ ಮುಂದೆ ಅತ್ತು ಸಾಧು ಆಗುತ್ತಿದ್ದ. ಅವನ ಕೈಯೇ ಮಾಡಬೇಕು.

"ತಟ್ಟೆಗಳನ್ನ ನೀನೇ ಅಂಗಳಕ್ಕೆ ಹೊತ್ತಾಕು. ಗೋಡೆ ಕೆರೆ. ಇಲ್ದಿದ್ರೆ ಇಲ್ಲೇ ಹೊಡಿತೀನಿ."

"ಬಿಸಿಲೈತೆ, ಕಾಗೆಗಳವೆ..."

"ಐತೆ. ಅವೆ. ಹೊರು."

ಹೊತ್ತ. ಏಕಾಂತಮ್ಮನನ್ನು ನಮ್ಮವ್ವ ಬಂದು ನಮ್ಮ ಮನೆಗೆ ಕರೆದೊಯ್ದಳು. ನನ್ನ ಚೀಲದಲ್ಲಿದ್ದ ಜ್ವರದ ಮಾತ್ರೆಗಳನ್ನು ಕೊಟ್ಟು ಕಳಿಸಿದೆ. ಅಂಗಳದ ಬಿಸಿಲಲ್ಲಿ ಹೊನ್ನಿನ ಬಣ್ಣದ ಹುಳಗಳು ತಲೆ ಎತ್ತಿ ಗೂಡಿಗೆ ಆಸರೆ ಹುಡುಕಿದವು. ಕಾಗೆಗಳು ಇಳಿದವು. ಓಡಿಸಲು ಅವನು ಬಾಗಿಲ ಕಡೆ ತಿರುಗಿದಾಗೆಲ್ಲ "ಗೋಡೆ!" ಅಂದೆ.

ಕುಡುಗೋಲಿನಿಂದ ಕೆರೆದ. ಮಣ್ಣು ಒಣಗಿ ಗಟ್ಟಿಯಾಗಿತ್ತು. ಬೆರಳ ಸಂದಿಯಲ್ಲಿ ರಕ್ತ ಬಂತು. ಅವನು ಕೆರೆದಷ್ಟಕ್ಕೂ ಹಿಂದೆಯೇ ನಾನು ಔಷಧಿ ಹೊಡೆಯುತ್ತ ಹೋದೆ. ಸೊಳ್ಳೆಗಳು ಉದುರಿದವು. ಅಂಗಳದ ಗಲಾಟೆಯೂ ನಿಂತಿತು, ಕಾಗೆಗಳಿಗೆ ಹೊಟ್ಟೆ ತುಂಬಿರಬೇಕು.

ಕಾಟಲಿಂಗಪ್ಪ ಕುಡುಗೋಲು ಕೆಳಗಿಟ್ಟು ನನ್ನ ಮುಖ ನೋಡಿದ. "ಸಾಕೇನಪ್ಪ ಇನ್ನ?"

"ಆ ಮೂಲೆ ಹಂಗೇ ಐತೆ" ಅಂದೆ.