ಕನ್ನಡಿಯ ಮೂಲೆಯ ಐದು

ನೀಲಿ ಮಾಮನ ಕ್ಷೌರದಂಗಡಿಗೆ ತಲೆ ಬೆಳೆದವರಿಗಿಂತ ಬಾಯಿ ಬೆಳೆದವರೇ ಹೆಚ್ಚು ಬರುತ್ತಿದ್ದರು. ಎರಡು ಕುರ್ಚಿ, ಗೋಡೆಯುದ್ದಕ್ಕೂ ಒಂದು ಬೆಂಚು, ಆ ಬೆಂಚಿನ ಮೇಲೆ ಬೆಳಗಿನಿಂದ ಸಂಜೆಯವರೆಗೆ ಫುಟ್‌ಬಾಲ್ ಮಾತು. ಊರಿನ ನೀಲಿ ಅಂಗಿಯ ತಂಡ ಸತತ ನಾಲ್ಕು ವರ್ಷ ಲೀಗ್ ಗೆದ್ದಿತ್ತು. ಆಡಿದವರು ಹನ್ನೊಂದು ಜನವಾದರೂ ಗೆಲ್ಲಿಸಿದವನು ತಾನೇ ಎಂಬ ಹಾಗೆ ಮಾಮ ಎದೆಯುಬ್ಬಿಸಿ ಓಡಾಡುತ್ತಿದ್ದ. ತಂಡದ ಬಣ್ಣವೇ ಅವನಿಗೆ ಅಡ್ಡಹೆಸರಾಗಿ ಅಂಟಿಕೊಂಡಿತ್ತು.

ಸೀಸನ್ನಿನ ಮೊದಲ ಪಂದ್ಯದ ಹಿಂದಿನ ದಿನ ಅವನದೊಂದು ಪದ್ಧತಿ. ಬೆಂಚಿನವರೆಲ್ಲ ವಾದ ಮಾಡಿ ಗಂಟಲು ಒಣಗಿಸಿಕೊಂಡ ಮೇಲೆ, ಬ್ರಷ್ಷಿನ ನೊರೆಯನ್ನು ಬೆರಳಿಗೆ ತೆಗೆದುಕೊಂಡು, ಮೊದಲ ಐದು ಪಂದ್ಯಗಳಲ್ಲಿ ತಂಡ ಎಷ್ಟು ಗೆಲ್ಲುತ್ತದೆಂದು ದೊಡ್ಡ ಕನ್ನಡಿಯ ಮೂಲೆಯಲ್ಲಿ ಬರೆಯುತ್ತಿದ್ದ. ಬರೆಯುತ್ತಿದ್ದುದು ಯಾವಾಗಲೂ ಐದೇ. ಒಣಗಿದ ನೊರೆ ಬಿಳಿ ಕಲೆಯಾಗಿ ಐದನೇ ಪಂದ್ಯ ಮುಗಿಯುವವರೆಗೂ ಅಲ್ಲೇ ಇರುತ್ತಿತ್ತು. ಅದನ್ನು ಒರೆಸುವ ಧೈರ್ಯ ಯಾರಿಗೂ ಇರಲಿಲ್ಲ.

ಪಕ್ಕದ ಸೈಕಲ್ ಅಂಗಡಿಯ ಮೀಸೆ ಮಾತ್ರ ಪ್ರತಿ ವರ್ಷವೂ, "ಮೂರು ಗೆದ್ರೆ ಹೆಚ್ಚು" ಎಂದು ಅಡ್ಡಬಾಯಿ ಹಾಕುತ್ತಿದ್ದ. ಇವನು ಹೂಂ ಅಂದರೆ ಅವನು ಊಹೂಂ. ಹುಡುಗುತನದಿಂದ ಇಬ್ಬರೂ ಹೀಗೇ. ಮೀಸೆಗೆ ಆ ಹೆಸರು ಬರಲು ಕಾರಣ ಅವನ ಮುಖದ ಮೇಲೇ ಇತ್ತು: ಸೈಕಲ್ಲಿನ ಹ್ಯಾಂಡಲ್ಲಿನ ಹಾಗೆ ಎರಡೂ ಕಡೆ ಬಾಗಿದ, ಮಾಮನೊಬ್ಬನ ಕತ್ತರಿಯನ್ನು ಬಿಟ್ಟು ಬೇರೆ ಯಾವ ಕತ್ತರಿಯನ್ನೂ ಕಾಣದ ಮೀಸೆ. "ಅಷ್ಟು ನಂಬಿಕೆ ಇದ್ರೆ ಮೀಸೆ ಪಣಕ್ಕಿಡು" ಎಂದು ಮಾಮ ಕೆಣಕಿದಾಗಲೆಲ್ಲ, "ಬೇರೆ ಯಾವ ವಿಷಯಕ್ಕಾದ್ರೂ ಬಾ, ಮೀಸೆ ವಿಷಯಕ್ಕೆ ಮಾತ್ರ ಬರಬೇಡ" ಎಂದು ಅವನು ಎದ್ದು ಹೋಗುತ್ತಿದ್ದ. ವಾದ ಕಾವೇರಿತೆಂದರೆ ಮಾಮನ ಕತ್ತರಿ ಗಿರಾಕಿಯ ತಲೆ ಬಿಟ್ಟು ಗಾಳಿಯಲ್ಲಿ ಚಕಚಕ ಆಡುತ್ತಿತ್ತು. ಆ ಸದ್ದು ಗೋಡೆಯಾಚೆ ಸೈಕಲ್ ಅಂಗಡಿಗೂ ಕೇಳುತ್ತಿತ್ತು. ಕೇಳಿದೊಡನೆ ಮೀಸೆ ಕೈಯ ಸ್ಪ್ಯಾನರ್ ಅಲ್ಲೇ ಇಟ್ಟು ಜಗಳಕ್ಕೆ ಬರುತ್ತಿದ್ದ.

ಈ ವರ್ಷ ಮೊದಲ ಪಂದ್ಯ ಭಾನುವಾರವಿತ್ತು. ಮಾಮನಿಗೆ ಗುರುವಾರದ ರಾತ್ರಿ ಊಟದಿಂದಲೇ ಅನ್ನ ಸೇರುತ್ತಿರಲಿಲ್ಲ. ಅವನ ಅಳಿಯ ಆಟಗಾರರ ಕಾಲು ನೀವುವ ಕೆಲಸಕ್ಕೆ ನೀಲಿ ತಂಡದಲ್ಲೇ ಸೇರಿದ್ದ. ಅದಕ್ಕೆ ಮುಂಚೆ ಬಹಳ ದಿನ ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದ. ಆ ದಿನಗಳಲ್ಲಿ ಮಗಳು ಅಂಗಡಿಗೆ ಬಂದು ಬೆಂಚಿನ ತುದಿಯಲ್ಲಿ ಮಾತಿಲ್ಲದೆ ಕೂತು ಹೋಗುತ್ತಿದ್ದುದನ್ನು ಮಾಮ ಮರೆತಿರಲಿಲ್ಲ. ಗಂಡ ಹೆಂಡತಿ ಬೇರೆಯಾಗುವ ಮಾತೂ ಬಂದಿತ್ತು. ಕೆಲಸ ಸಿಕ್ಕಿತು, ಮಗಳ ಮುಖದಲ್ಲಿ ನಗು ಬಂತು. ಅಂಥ ಅಳಿಯ ಗುರುವಾರ ಊಟಕ್ಕೆ ಕೂತವನು, ದಣಿವಿನಲ್ಲಿ, ತುತ್ತು ಬಾಯಿಗಿಡುವ ಮುಂಚೆ ಹೇಳಿಬಿಟ್ಟ: "ಒಂಬತ್ತರವನ ಮಂಡಿ ಹೋಯ್ತು ಮಾವ. ಆಪರೇಷನ್ ಅಂತೆ. ಅವನ ಜಾಗಕ್ಕೆ ಆ ಎಡಗಾಲಲ್ಲಿ ಆಡೋ ಹುಡುಗನ್ನ ಹಾಕ್ತಾರೆ."

ಒಂಬತ್ತನೇ ನಂಬರಿನವನು ಎಂದರೆ ತಂಡದ ಅರ್ಧ ಗೋಲುಗಳನ್ನು ಒಬ್ಬನೇ ಹೊಡೆಯುವವನು. ಹೇಳಿದ ಮೇಲೆ ಅಳಿಯನ ಮುಖ ಬಿಳಿಚಿಕೊಂಡಿತು. ಎದುರಾಳಿಗಳು ಕೊನೆಯ ಗಳಿಗೆಯವರೆಗೂ ಒಂಬತ್ತರವನನ್ನು ಎದುರಿಸಲೆಂದೇ ಸಿದ್ಧರಾಗಲಿ ಎಂದು ತಂಡದವರು ಈ ಸುದ್ದಿಯನ್ನು ಬಚ್ಚಿಟ್ಟಿದ್ದರು. ಹೋದ ವರ್ಷ ಬೂಟು ನೋಡಿಕೊಳ್ಳುವವನೊಬ್ಬ ಆಟಗಾರರ ಪಟ್ಟಿಯನ್ನು ಹೊರಗೆ ಬಾಯಿಬಿಟ್ಟದ್ದಕ್ಕೆ ಅದೇ ಸಂಜೆ ಗೇಟಿನ ಹೊರಗಿದ್ದ.

"ಮಾವ, ಇದು ಆಚೆ ಹೋದ್ರೆ ನನ್ನ ಕತೆ ಮುಗೀತು" ಅಂದ ಅಳಿಯ. ಯಾರಿಗೂ ಹೇಳುವುದಿಲ್ಲವೆಂದು ಮಾಮ ಮಾತು ಕೊಟ್ಟ. ಮಗಳು ಅಪ್ಪನ ಮುಖವನ್ನೇ ನೋಡಿದಳು. ಅಪ್ಪನ ಹೊಟ್ಟೆಯಲ್ಲಿ ಫುಟ್‌ಬಾಲ್ ಮಾತು ನಿಲ್ಲುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಶನಿವಾರ ಮಧ್ಯಾಹ್ನ ಬೆಂಚು ತುಂಬಿತು. ಲೆಕ್ಕದ ಮೇಷ್ಟ್ರು ಬೆರಳು ಮಡಚುತ್ತ ಹಳೆಯ ಗೋಲುಗಳ ಜಾತಕ ಬಿಡಿಸುತ್ತಿದ್ದರು. ಅಷ್ಟರಲ್ಲಿ ಪತ್ರಿಕೆಯ ಕ್ರೀಡಾ ವರದಿಗಾರ ಬಂದು ಸೀದಾ ಕುರ್ಚಿಯಲ್ಲಿ ಕೂತ. ಹೊಸ ಸೀಸನ್ನಿನ ಬಗ್ಗೆ ಬೀದಿಯ ಜನ ಏನನ್ನುತ್ತಾರೆಂದು ಬರೆಯಲು ಅವನು ವರ್ಷಕ್ಕೊಮ್ಮೆ ಹೀಗೆ ತಲೆ ಕೊಡುವುದಿತ್ತು. ಕೆಟ್ಟವನಲ್ಲ, ಆದರೆ ಮೂಗು ಬಹಳ ಚುರುಕು. ಮಾಮನ ಅಳಿಯ ಎಲ್ಲಿ ಕೆಲಸ ಮಾಡುತ್ತಾನೆಂಬುದು ಅವನಿಗೂ ಗೊತ್ತು. ಗೊತ್ತಿಲ್ಲದೆ ಏನು, ಮಾಮನೇ ಊರಿಗೆಲ್ಲ ಡಂಗುರ ಸಾರಿದ್ದನಲ್ಲ.

ಮಾಮ ಅವನ ಕೊರಳಿಗೆ ಬಟ್ಟೆ ಕಟ್ಟಿ ಕತ್ತರಿ ಎತ್ತಿಕೊಂಡ. ಕುರ್ಚಿಯಲ್ಲಿ ಕೂತವನಿಗೆ ಕ್ಷೌರಿಕನ ಮುಖ ಕನ್ನಡಿಯಲ್ಲಿ ಎದುರಿಗೇ ಕಾಣುತ್ತದೆ. ಇಷ್ಟು ವರ್ಷದಲ್ಲಿ ಮಾಮನಿಗೆ ಅದು ಒಂದು ತೊಂದರೆಯೆಂದು ಅನ್ನಿಸಿದ್ದು ಇದೇ ಮೊದಲು.

"ಏನ್ ಮಾಮ, ಈ ಸಲಾನೂ ಐದೇನಾ?" ವರದಿಗಾರ ಕೇಳಿದ.

"ನೋಡೋಣ" ಅಂದ ಮಾಮ.

ಬೆಂಚಿನ ಮೇಲೆ ಮಾತು ನಿಂತಿತು. ನೀಲಿ ಮಾಮನ ಬಾಯಲ್ಲಿ "ನೋಡೋಣ" ಎಂಬ ಪದವನ್ನು ಅಲ್ಲಿದ್ದ ಯಾರೂ ಕೇಳಿರಲಿಲ್ಲ. ತಪ್ಪು ಮಾಡಿದೆನೆಂದು ಅವನಿಗೂ ತಿಳಿಯಿತು. ಐದು ಎಂದು ಎದೆ ತಟ್ಟಿ ಹೇಳಬೇಕು, ನಾಲಗೆ ಏಳುತ್ತಿಲ್ಲ. ಸುಳ್ಳು ಹೇಳಿದರೆ ಅವನ ಕಿವಿ ಕೆಂಪಾಗುತ್ತದೆ. ಮದುವೆಯಾದ ಹೊಸತರಲ್ಲೇ ಹೆಂಡತಿ ಅದನ್ನು ಕಂಡುಹಿಡಿದಿದ್ದಳು.

"ಪ್ರಾಕ್ಟೀಸಿನ ಫೋಟೋ ನೋಡಿದ್ರಾ?" ಮೇಷ್ಟ್ರು ವರದಿಗಾರನನ್ನು ಕೇಳಿದರು. "ಈ ವಾರ ಒಂದ್ರಲ್ಲೂ ಒಂಬತ್ತರವನಿಲ್ಲ."

"ನನಗೂ ಅದೇ ಕೊರೀತಿದೆ ಮೇಷ್ಟ್ರೇ. ಕೇಳಿದ್ರೆ ಜ್ವರ ಅಂತಾರೆ." ವರದಿಗಾರ ಕನ್ನಡಿಯಲ್ಲಿ ಮಾಮನನ್ನೇ ನೋಡುತ್ತಿದ್ದ. "ಅಳಿಯಂದ್ರು ಏನಂತಾರೆ ಮಾಮ?"

"ಅವನು ಮನೇಲಿ ಆಟದ ಮಾತಾಡಲ್ಲ."

ಯಾರೋ ಕಿಸಕ್ಕನೆ ನಕ್ಕರು. ಅಳಿಯ ಹೇಳಿದನೆಂದು ಯಾವ ಆಟಗಾರ ಮಲಗುವಾಗ ಕಾಲುಚೀಲ ಹಾಕಿಕೊಳ್ಳುತ್ತಾನೆ ಎಂಬುದರವರೆಗೆ ಎಲ್ಲವನ್ನೂ ಈ ಅಂಗಡಿಯಲ್ಲೇ ಬಿತ್ತರಿಸಿದವನು ಇವನು. ಬೆಂಚಿನ ತುದಿಯಲ್ಲಿ ಮೀಸೆ ಗ್ರೀಸು ಮೆತ್ತಿದ ಕೈಗಳನ್ನು ಬಟ್ಟೆಗೆ ಒರೆಸಿಕೊಳ್ಳುತ್ತ ಕೂತಿದ್ದ. ಬಂದಾಗಿನಿಂದ ಅವನು ತುಟಿ ಪಿಟಕ್ಕೆಂದಿರಲಿಲ್ಲ.

"ಅವನೊಬ್ಬ ಇಲ್ಲ ಅಂದ್ರೆ ನಾಳೆ ಬಂದರಿನ ತಂಡದವರು ನಮ್ಮನ್ನ ಹುರಿದು ಮುಕ್ತಾರೆ" ಅಂದರು ಮೇಷ್ಟ್ರು. "ಗೋಲು ಹೊಡೆಯೋನೇ ಇಲ್ಲದ ತಂಡ ನಮ್ಮದು. ಬರೀ ನಾಲ್ಕು ಕಪ್ಪಿನ ಜಂಬ."

ಇದೊಂದು ಮಾತು ಮಾಮನಿಗೆ ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚಿತು. ಭಯ ಮರೆತುಹೋಯಿತು, ಅಭಿಮಾನಿ ಎದ್ದು ಕೂತ. "ಏನ್ ಮಾತು ಅಂತ ಆಡ್ತೀರಾ ಮೇಷ್ಟ್ರೇ? ಒಂಬತ್ತರವನು ಇಲ್ದೇ ಹೋದ್ರೇನಂತೆ, ಆ ಎಡಗಾಲಿನ ಹುಡುಗನ್ನ ಮುಂದೆ ಹಾಕ್ತಾರೆ."

ವರದಿಗಾರನ ತಲೆ ಕತ್ತರಿಯ ಕೆಳಗಿನಿಂದ ಸರಕ್ಕನೆ ತಿರುಗಿತು. "ಹಾಕ್ತಾರೆ? ಹಾಕ್ತಾರೆ ಅಂತ ಯಾರು ಹೇಳಿದ್ರು ಮಾಮ?"

ಮಾಮನ ಕಿವಿಗಳು ಬಿಸಿಯಾಗುತ್ತಿರುವುದು ಅವನಿಗೇ ಗೊತ್ತಾಗುತ್ತಿತ್ತು. ವರದಿಗಾರ ಬಟ್ಟೆಯೊಳಗಿನಿಂದ ಕೈ ಹೊರತೆಗೆದು ಜೇಬಿನ ಪೆನ್ನಿಗೆ ತಡಕಾಡುತ್ತಿದ್ದ. ಬೆಂಚಿನ ತುದಿಯಲ್ಲಿ ಮತ್ತೆ ಮಾತಿಲ್ಲದೆ ಕೂತ ಮಗಳು ಮಾಮನ ಕಣ್ಣೆದುರು ಬಂದಳು.

ಆಗ ಮೀಸೆ ಎದ್ದು ನಿಂತ.

"ಎಲ್ಲರೂ ಇಲ್ಲಿ ಕೇಳಿ" ಅಂದ, ಬೀದಿಗೆ ಕೇಳುವ ಗಂಟಲಲ್ಲಿ. "ಇಷ್ಟು ವರ್ಷ ಇವನ ನೀಲಿ ಸೋಲುತ್ತೆ, ಸೋಲುತ್ತೆ ಅಂದು ಅಂದು ನನಗೂ ಸಾಕಾಗಿದೆ. ಈ ಸಲ ನಾನೇ ಹೇಳ್ತೀನಿ, ಐದಕ್ಕೆ ಐದು. ನಾಳೆ ಮೊದಲನೇದೇ ಸೋತ್ರೆ, ಸೋಮವಾರ ಇದೇ ಕುರ್ಚೀಲಿ ಕೂತು ಮೀಸೆ ಬೋಳಿಸ್ಕೋತೀನಿ."

ಬೆಂಚಿಗೆ ಬೆಂಚೇ ಎದ್ದು ಗದ್ದಲವೆಬ್ಬಿಸಿತು. ಮೇಷ್ಟ್ರು, "ನಿನಗೆ ಮೈ ಹುಷಾರಿದೆ ತಾನೇ?" ಎಂದು ಮೀಸೆಯ ಹಣೆ ಮುಟ್ಟಿ ನೋಡಿದರು. ವರದಿಗಾರ ಅರ್ಧ ಕತ್ತರಿಸಿದ ತಲೆಯಲ್ಲೇ ಕುರ್ಚಿಯಿಂದ ಇಳಿದು, ಮೀಸೆಯನ್ನು ಬಾಗಿಲ ಬೆಳಕಿಗೆ ನಿಲ್ಲಿಸಿ ಫೋಟೋ ತೆಗೆದ. ನೀಲಿ ತಂಡದ ಹಳೆಯ ವೈರಿ ಶರಣಾದ ಎಂಬ ಸುದ್ದಿ ಅವನಿಗೆ ಸಿಕ್ಕಾಗಿತ್ತು. ಎಡಗಾಲಿನ ಹುಡುಗನ ಮಾತು ಯಾರಿಗೂ ನೆನಪಿರಲಿಲ್ಲ. ಆ ಗದ್ದಲದಲ್ಲೇ ಮಾಮ ನೊರೆ ತೆಗೆದು ಕನ್ನಡಿಯ ಮೂಲೆಯಲ್ಲಿ ಐದು ಎಂದು ಬರೆದ. ಅವನ ಕಿವಿಯ ಕಡೆ ಯಾರೂ ನೋಡಲಿಲ್ಲ.

ಸಂಜೆ ಬಾಗಿಲು ಹಾಕುವ ಹೊತ್ತಿಗೆ ಅವನು ಸೈಕಲ್ ಅಂಗಡಿಗೆ ಹೋದ. ಮೀಸೆ ಚಕ್ರವೊಂದನ್ನು ತಿರುಗಿಸುತ್ತ ಅದರ ಡೊಂಕು ನೋಡುತ್ತಿದ್ದ.

"ಆ ಮಾತು ವಾಪಸ್ ತಗೊಳ್ಳೋ" ಅಂದ ಮಾಮ.

"ಯಾಕೆ? ನಿನ್ನ ತಂಡದ ಮೇಲೆ ನಿನಗೇ ನಂಬಿಕೆ ಇಲ್ವಾ?"

ನಿಜ ಹೇಳಿದರೆ ಗೆಳೆಯನ ಮೀಸೆ ಉಳಿಯುತ್ತದೆ. ಆದರೆ ಅಳಿಯನಿಗೆ ಕೊಟ್ಟ ಮಾತು ಹೋಗುತ್ತದೆ. ಹಾಳಾದವನು ಇಷ್ಟು ವರ್ಷ ಬಿಟ್ಟು ಇವತ್ತೇ ಬುದ್ಧಿ ಕೆಡಿಸಿಕೊಳ್ಳಬೇಕಿತ್ತೇ ಎಂದು ಸಿಟ್ಟೂ ಬಂತು.

"ಏನೋ ನಿನ್ನ ಹಣೆಬರಹ" ಅಂದು ಹೊರಟುಬಂದ. ಹಿಂದೆ ಚಕ್ರ ತಿರುಗುವ ಸದ್ದು ನಿಲ್ಲಲಿಲ್ಲ.

ಭಾನುವಾರ ನೀಲಿ ತಂಡ ಬಂದರಿನವರ ಕೈಯಲ್ಲಿ ಮೂರು ಗೋಲು ತಿಂದು, ಒಂದನ್ನೂ ತಿರುಗಿಸಿ ಹೊಡೆಯದೆ ಮಣ್ಣು ಮುಕ್ಕಿತು. ಎಡಗಾಲಿನ ಹುಡುಗ ಓಡಿದ್ದೇ ಬಂತು. ಪಂದ್ಯ ಮುಗಿದ ಮೇಲೆ ತಂಡದವರೇ ಒಂಬತ್ತರವನ ಮಂಡಿಯ ಸುದ್ದಿ ಹೊರಗೆ ಬಿಟ್ಟರು. ಅಳಿಯ ಫೋನ್ ಮಾಡಿ, "ನಿಮ್ಮಿಂದ ಬಚಾವಾದೆ ಮಾವ" ಅಂದ. ಫೋನಿನ ಆಚೆ ಮಗಳು ಏನಕ್ಕೋ ನಗುತ್ತಿದ್ದಳು. ಆ ನಗು ಕೇಳಿಯೂ ಮಾಮನಿಗೆ ಸಮಾಧಾನವಾಗಲಿಲ್ಲ.

ಸೋಮವಾರ ಅಂಗಡಿ ತೆಗೆಯುವ ಮೊದಲೇ ಬೀದಿಯ ಅರ್ಧ ಜನ ಬಾಗಿಲಲ್ಲಿದ್ದರು. ಪತ್ರಿಕೆಯ ಫೋಟೋವನ್ನು ಯಾರೋ ಗಾಜಿಗೆ ಅಂಟಿಸಿದ್ದರು. ಇಷ್ಟು ವರ್ಷ ಸೋಲುತ್ತೆ ಅಂದವನು, ನಿಜವಾಗಿ ಸೋತ ವರ್ಷವೇ ಗೆಲ್ಲುತ್ತೆ ಅಂದನಲ್ಲ ಎಂದು ಹೊಟ್ಟೆ ಹಿಡಿದು ನಗುತ್ತಿದ್ದರು. ಮೀಸೆ ಒಳಗೆ ಬಂದು ಕುರ್ಚಿಯಲ್ಲಿ ಕೂತ.

"ಎಲ್ಲರೂ ಆಚೆ ಇರಿ. ನಗಿಸಿದ್ರೆ ಇವನ ತುಟಿ ಕುಯ್ದು ಹೋಗುತ್ತೆ" ಅಂದು ಮಾಮ ಬಾಗಿಲು ಹಾಕಿದ.

ನೊರೆ ಕಲಸಿದ. ಹಚ್ಚಿದ. ಕತ್ತಿ ಎತ್ತಿದವನ ಕೈ ಮುಂದೆ ಹೋಗಲಿಲ್ಲ.

"ನನಗೆ ಮೊದಲೇ ಗೊತ್ತಿತ್ತು ಕಣೋ" ಅಂದ, ಮೆಲ್ಲಗೆ. "ನಿನಗೆ ಹೇಳೋ ಹಾಗಿರಲಿಲ್ಲ."

"ಗೊತ್ತು."

"ಏನು ಗೊತ್ತು?"

"ಶುಕ್ರವಾರ ಪೂರ್ತಿ ಗೋಡೆ ಆಚೆಯಿಂದ ನಿನ್ನ ಕತ್ತರಿ ಒಂದು ಸಲಾನೂ ಗಾಳೀಲಿ ಆಡಲಿಲ್ಲ. ಮ್ಯಾಚಿಗೆ ಎರಡೇ ದಿನ ಇದೆ, ಅಂಗಡಿ ತುಂಬಾ ಜನ ಇದ್ದಾರೆ, ಕತ್ತರಿ ಮಾತ್ರ ತೆಪ್ಪಗಿದೆ. ಅಳಿಯ ಏನೋ ಹೇಳಿದಾನೆ, ಇವನು ನುಂಗ್ಕೊಂಡಿದಾನೆ ಅಂತ ಆವತ್ತೇ ಅಂದ್ಕೊಂಡೆ. ಆಮೇಲೆ ನೀನು ಎಡಗಾಲಿನ ಹುಡುಗ ಅಂತ ಬಾಯಿ ಬಿಟ್ಯಲ್ಲ, ಆ ಪತ್ರಿಕೆಯವನ ಕಣ್ಣು ನೋಡಿದೆ. ಅವನ ಬಾಯಿಗೆ ಬೇರೆ ಏನಾದ್ರೂ ಹಾಕಬೇಕಿತ್ತು. ನನ್ನ ಹತ್ರ ಇನ್ನೇನಿತ್ತು?"

ಮಾಮನಿಗೆ ಕನ್ನಡಿಯಲ್ಲಿ ಗೆಳೆಯನ ಮುಖ ಮಸುಕಾಗಿ ಕಂಡಿತು. ತನ್ನ ಸಿಟ್ಟು ನೆನೆದು ನಾಚಿಕೆಯಾಯಿತು. "ಅಲ್ವೋ, ಇಷ್ಟು ವರ್ಷದಲ್ಲಿ ನೀನು ಗೆಲ್ಲೋದು ಇದೊಂದೇ ವರ್ಷ ಇತ್ತಲ್ಲೋ."

"ಅದನ್ನ ನೆನಪಿಸಬೇಡ, ಹೊಟ್ಟೆ ಉರಿಯುತ್ತೆ" ಅಂದ ಮೀಸೆ. "ನಿನ್ನ ಮಗಳಿಗೆ ಸೈಕಲ್ ಕಲಿಸಿದ್ದು ಯಾರು? ನಾನು. ಬಿದ್ದು ಮಂಡಿ ಒಡ್ಕೊಂಡಾಗ ಎತ್ಕೊಂಡು ಬಂದಿದ್ದೂ ನಾನೇ. ನೀನು ಮ್ಯಾಚ್ ನೋಡ್ತಾ ಕೂತಿದ್ದೆ. ಅವಳು ಮತ್ತೆ ಆ ಬೆಂಚಿನ ತುದೀಲಿ ಬಂದು ಕೂರೋದನ್ನ ನೋಡಕ್ಕೆ ನನ್ನ ಕೈಲಾಗಲ್ಲ. ಮೀಸೆ ಬೆಳೆಯುತ್ತೆ. ನೊರೆ ಆರ್ತಾ ಇದೆ, ಬೋಳಿಸು."

ಮಾಮ ಕಣ್ಣನ್ನು ತೋಳಿಗೆ ಒರೆಸಿಕೊಂಡು ಬೋಳಿಸಿದ. ಅಷ್ಟು ನಿಧಾನವಾಗಿ ಅವನು ಯಾರ ಮುಖವನ್ನೂ ಬೋಳಿಸಿರಲಿಲ್ಲ. ಮೀಸೆಯಿದ್ದ ಜಾಗ ಬೆಳ್ಳಗೆ, ಎಳೆಯದಾಗಿ, ಬೇರೆ ಯಾರದೋ ತುಟಿಯ ಹಾಗೆ ಕಾಣುತ್ತಿತ್ತು.

ಬಾಗಿಲು ತೆಗೆದಾಗ ಹೊರಗೆ ಕೇಕೆ ಎದ್ದಿತು. ಮೀಸೆ ಹೊಸ್ತಿಲ ಮೇಲೆ ನಿಂತು, ಅಭ್ಯಾಸಬಲದಿಂದ ಇಲ್ಲದ ಮೀಸೆಯನ್ನು ತಿರುವಲು ಹೋಗಿ ಕೈ ಕೆಳಗಿಳಿಸಿದ. "ನಗ್ರಿ ನಗ್ರಿ. ಇನ್ನೂ ನಾಲ್ಕು ಮ್ಯಾಚಿದೆ. ನಾಲ್ಕೂ ಸೋಲ್ತಾರೆ, ಬರೆದಿಟ್ಕೊಳ್ಳಿ" ಅಂದ.

ಎಲ್ಲರೂ ಮಾಮನ ಕಡೆ ತಿರುಗಿದರು. ಈಗ ಅವನು ಉತ್ತರ ಕೊಡಬೇಕು. ಈ ಬೀದಿಯಲ್ಲಿ ನಡೆದುಕೊಂಡು ಬಂದದ್ದೇ ಹಾಗೆ. ಅವನ ಕೈಯಲ್ಲಿ ಕತ್ತರಿ ಇತ್ತು, ಗಾಳಿಯಲ್ಲಿ ಎರಡು ಸಲ ಆಡಿತು ಕೂಡ.

"ಸೋಲಲಿ ಬಿಡು" ಅಂದ ನೀಲಿ ಮಾಮ, ಮತ್ತು ಒಳಗೆ ಹೋಗಿ ಕನ್ನಡಿಯ ಮೂಲೆಯ ಐದನ್ನು ಒದ್ದೆ ಬಟ್ಟೆಯಿಂದ ಒರೆಸತೊಡಗಿದ.